ಪದಚರ್ಚೆ: ದೇವರು ‘ವಾಸಮಾಡಿದನೋ’, ‘ಬಿಡಾರ ಹೂಡಿದನೋ’?

ಗೆಳೆಯರೇ,

‘ಬಿಡಾರ’ ಎಂಬ ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಸಂದರ್ಭ ಬೈಬಲಿನದು. ಬೈಬಲ್ ಓದುವ ಗುಂಪೊಂದಕ್ಕೆ ಸಣ್ಣ ಪುಸ್ತಕ ತಯಾರಾಗುತ್ತಿದೆ. ಅದರ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯ ಒಡಂಬಡಿಕೆಯ ಗುಡಾರ, ಆಮೇಲೆ ಬಂದ ಯೆರೂಸಲೇಮಿನ ದೇವಾಲಯ, ಇವೆರಡರಲ್ಲೂ ಕ್ರೈಸ್ತರು ಕ್ರಿಸ್ತನನ್ನು ಹೇಗೆ ಕಾಣುತ್ತಾರೆ ಅನ್ನೋದು ಅದರ ವಿಷಯ.

ಬೈಬಲ್ ಅಷ್ಟಾಗಿ ಓದದವರಿಗಾಗಿ ಸ್ವಲ್ಪ ಹಿನ್ನೆಲೆ. ಈಜಿಪ್ಟಿನಿಂದ ಹೊರಟ ಇಸ್ರಾಯೇಲರು ಸೀನಾಯಿ ಬೆಟ್ಟದ ಬಳಿ ಪೂಜೆಗೆಂದು ಒಂದು ಗುಡಾರ ಕಟ್ಟಿದರು. ವಿಮೋಚನಕಾಂಡದ 25ನೇ ಅಧ್ಯಾಯದಿಂದ ಕೊನೆಯ 40ರವರೆಗೆ ಬಹುಪಾಲು ಅದರದ್ದೇ ಲೆಕ್ಕ. ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಸುತ್ತಲೂ 5 ಮೊಳ ಎತ್ತರದ ನಾರುಬಟ್ಟೆ. ಒಳಗಿನ ಗುಡಾರಕ್ಕೆ ಜಾಲಿಮರದ 48 ಹಲಗೆ. ಹಲಗೆಗಳಿಗೆ ಚಿನ್ನದ ತಗಡು, ಅಡಿಯಲ್ಲಿ ಬೆಳ್ಳಿಯ ಪೀಠ. ಮೇಲೆ ನಾಲ್ಕು ಹೊದಿಕೆ. ಮೊದಲು ನೀಲಿ, ಊದಾ, ಕಡುಗೆಂಪು ದಾರದ ಕೆಲಸವಿರುವ ನಾರುಬಟ್ಟೆ. ಅದರ ಮೇಲೆ ಆಡಿನ ಕೂದಲಿನ ಬಟ್ಟೆ. ಅದರ ಮೇಲೆ ಕೆಂಪು ಬಣ್ಣ ಹಾಕಿದ ಟಗರಿನ ತೊಗಲು. ಎಲ್ಲಕ್ಕಿಂತ ಮೇಲೆ ‘ತಹಶ್’ ಎಂಬುದರ ತೊಗಲು. ಈ ತಹಶ್ ಯಾವ ಪ್ರಾಣಿ ಅಂತ ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ. ಒಬ್ಬರು ಕಡಲ ಪ್ರಾಣಿ ಅಂದರೆ, ಇನ್ನೊಬ್ಬರು ಅದು ಪ್ರಾಣಿಯೇ ಅಲ್ಲ, ತೊಗಲಿನ ಬಣ್ಣ ಅನ್ನುತ್ತಾರೆ.

ಒಳಗೆ ಒಂದು ತೆರೆ. ತೆರೆಯ ಈಚೆ ದೀಪ, ರೊಟ್ಟಿಯ ಮೇಜು, ಧೂಪದ ವೇದಿ. ಆಚೆ ಉದ್ದ, ಅಗಲ, ಎತ್ತರ ಮೂರೂ 10 ಮೊಳ ಇರುವ ಕೋಣೆ. ಅದೇ ಮಹಾಪವಿತ್ರಸ್ಥಾನ. ಅಲ್ಲಿ ಒಡಂಬಡಿಕೆಯ ಮಂಜೂಷ, ಅಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆ. ಅಲ್ಲಿಗೆ ಹೋಗುವವನು ಮಹಾಯಾಜಕ ಒಬ್ಬನೇ, ಅದೂ ವರ್ಷಕ್ಕೊಂದು ದಿನ.

ಇಷ್ಟೆಲ್ಲ ಚಿನ್ನ ಬೆಳ್ಳಿ ಇದ್ದರೂ ಅದು ಕಳಚಿ, ಮಡಚಿ, ಹೊತ್ತು ನಡೆಯುವ ವಸ್ತು. ಮಂಜೂಷಕ್ಕೆ ನಾಲ್ಕು ಬಳೆ, ಬಳೆಗೆ ಎರಡು ಹೊರುವ ಕೋಲು. ಆ ಕೋಲುಗಳನ್ನು ಎಂದೂ ತೆಗೆಯಬಾರದು ಎಂಬ ಕಟ್ಟಪ್ಪಣೆ ಇದೆ. ನನಗೆ ಇಡೀ ವರ್ಣನೆಯಲ್ಲಿ ತುಂಬಾ ಇಷ್ಟವಾದ ವಿವರ ಇದು. ಮುಂದೆ ಸೊಲೊಮೋನ ರಾಜ ಯೆರೂಸಲೇಮಿನಲ್ಲಿ ಕಲ್ಲು ಮತ್ತು ದೇವದಾರಿನ ದೇವಾಲಯ ಕಟ್ಟಿದ. 60 ಮೊಳ ಉದ್ದ, 20 ಮೊಳ ಅಗಲ. ಮಂಜೂಷ ಅದರೊಳಗೆ ಶಾಶ್ವತವಾಗಿ ಕೂತಿತು. ಕೋಲು ಮಾತ್ರ ಅಲ್ಲೂ ತೆಗೆಯಲಿಲ್ಲ. ಅವು ಎಷ್ಟು ಉದ್ದ ಇದ್ದವೆಂದರೆ, ಮುಂದಿನ ಕೋಣೆಯಿಂದ ನೋಡಿದರೆ ತುದಿ ಕಾಣುತ್ತಿತ್ತು ಅಂತ ಒಂದನೆಯ ಅರಸುಗಳ 8ನೇ ಅಧ್ಯಾಯ ಹೇಳುತ್ತದೆ. ಮನೆ ಕಲ್ಲಿನದಾದರೂ ಹೊರಡಲು ತಯಾರಿ ಹಾಗೇ ಇತ್ತು.

ಈಗ ನನ್ನ ತೊಡಕಿಗೆ ಬರುತ್ತೇನೆ. ಗುಡಾರಕ್ಕೆ ಹೀಬ್ರೂವಿನಲ್ಲಿ ‘ಮಿಷ್ಕಾನ್’. ‘ಷಾಕನ್’ ಅಂದರೆ ತಂಗು, ನೆಲೆಸು. ದೇವರು ತಂಗುವ ಜಾಗ ಮಿಷ್ಕಾನ್. ಯೆಹೂದ್ಯರ ಗ್ರೀಕ್ ಅನುವಾದದಲ್ಲಿ ಇದು ‘ಸ್ಕೆನೆ’ ಆಯಿತು, ಅಂದರೆ ಡೇರೆ. (ಷಾಕನ್, ಸ್ಕೆನೆ ಕೇಳಲು ಒಂದೇ ಥರ ಇವೆ, ನಂಟಿಲ್ಲ. ಆದರೆ ನಮ್ಮ ಕಂಪನಿ ನಾಟಕದ ‘ಸೀನು’ ಈ ಸ್ಕೆನೆಯಿಂದಲೇ ಬಂದದ್ದು. ಗ್ರೀಕ್ ರಂಗದ ಹಿಂದಿನ ಡೇರೆ ಅದು.) ಯೋಹಾನನ ಸುವಾರ್ತೆ 1:14ರಲ್ಲಿ ‘ವಾಕ್ಯ’ವು (ಅಂದರೆ ಕ್ರಿಸ್ತನು) ಮನುಷ್ಯನಾಗಿ ಬಂತು ಎಂದ ಕೂಡಲೇ ಬರುವ ಕ್ರಿಯಾಪದ ‘ಎಸ್ಕೆನೋಸೆನ್’. ನೇರವಾಗಿ ಹೇಳಿದರೆ ‘ಗುಡಾರ ಹಾಕಿದನು’. ಗ್ರೀಕಿನಲ್ಲಿ ಓದಿದ ಯೆಹೂದ್ಯನಿಗೆ ಆ ಮರುಭೂಮಿಯ ಗುಡಾರ ತಟ್ಟನೆ ನೆನಪಾಗುತ್ತದೆ. ಅದೇ ವಾಕ್ಯದಲ್ಲಿ ‘ಆತನ ಮಹಿಮೆ ಕಂಡೆವು’ ಎಂದೂ ಇದೆ. ವಿಮೋಚನಕಾಂಡದ ಕೊನೆಯಲ್ಲಿ ಗುಡಾರ ಎದ್ದು ನಿಂತಾಗ ಅದನ್ನು ತುಂಬಿದ್ದೂ ಮಹಿಮೆಯೇ. ಯೋಹಾನ ಎರಡನ್ನೂ ಬೇಕೆಂದೇ ಜೊತೆಗಿಟ್ಟಿದ್ದಾನೆ.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಅದು ‘ನರಾವತಾರ ಎತ್ತಿ ನಮ್ಮ ಮಧ್ಯದಲ್ಲಿ ವಾಸಮಾಡಿದನು’. ‘ನರಾವತಾರ’ ಬಳಸುವ ಧೈರ್ಯ ತೋರಿದವರು ಕ್ರಿಯಾಪದಕ್ಕೆ ಬಂದಾಗ ಸಪ್ಪೆಯಾದರು ಅಂತ ನನಗೆ ಅನಿಸುತ್ತದೆ. ವಾಸಮಾಡಿದನು ಅಂದರೆ ಬಾಡಿಗೆ ಮನೆಯಲ್ಲೂ ವಾಸ, ಅರಮನೆಯಲ್ಲೂ ವಾಸ. ಗುಡಾರ ಎಲ್ಲಿ ಹೋಯಿತು?

ಇದಕ್ಕೆ ಕನ್ನಡದಲ್ಲೇ ಸಿದ್ಧವಾಗಿರುವ ಮಾತು ‘ಬಿಡಾರ ಹೂಡು’ ಅಲ್ವಾ? ‘ನಮ್ಮ ನಡುವೆ ಬಿಡಾರ ಹೂಡಿದನು.’ ಡೇರೆಯೂ ಬಂತು, ಪ್ರಯಾಣವೂ ಬಂತು. ಜೊತೆಗೆ ಇದು ಇನ್ನೂ ಜೀವಂತ ಪದ. ದುಬಾರೆಯದು, ಸಕ್ರೆಬೈಲಿನದು ಇವತ್ತಿಗೂ ‘ಆನೆ ಬಿಡಾರ’. ಯಕ್ಷಗಾನ ಮೇಳ ಊರಿಗೆ ಬಂದರೆ ಕಲಾವಿದರು ಇಳಿದುಕೊಳ್ಳುವ ಜಾಗವೂ ಬಿಡಾರವೇ. ಇದರ ಅಕ್ಕಪಕ್ಕದಲ್ಲೇ ‘ಬೀಡು’ ಇದೆ. ಶಾಸನಗಳಲ್ಲಿ ರಾಜ ‘ನೆಲೆವೀಡಿನಲ್ಲಿ’ ಸುಖವಾಗಿ ರಾಜ್ಯವಾಳುತ್ತಿರುತ್ತಾನೆ. ಬೀಡು ಮೊದಲು ದಂಡು ಇಳಿಯುವ ಜಾಗ. ಅಲ್ಲೇ ನೆಲೆ ನಿಂತರೆ ನೆಲೆವೀಡು, ರಾಜಧಾನಿ. ಹಳೇಬೀಡಿನ ಹೆಸರಲ್ಲಿ ಅದು ಉಳಿದಿದೆ. ಗುಡಾರ ದೇವಾಲಯವಾದ ಕಥೆಯನ್ನು ಬೀಡು, ನೆಲೆವೀಡು ಎಂಬ ಎರಡೇ ಪದದಲ್ಲಿ ಹೇಳಬಹುದು. ಸೊಲೊಮೋನನ ತಂದೆ ದಾವೀದ ‘ನಿನಗೊಂದು ಮನೆ ಕಟ್ಟುತ್ತೇನೆ’ ಎಂದಾಗ ದೇವರು ಒಡನೆ ಒಪ್ಪಲಿಲ್ಲ. ನಾನು ಇಷ್ಟು ಕಾಲ ಗುಡಾರದಲ್ಲೇ ತಿರುಗಾಡಿದೆನಲ್ಲ, ಮನೆ ಯಾಕೆ ಕಟ್ಟಿಲ್ಲ ಅಂತ ಯಾರನ್ನಾದರೂ ಕೇಳಿದ್ದೆನೇ ಎಂಬರ್ಥದ ಮಾತು ಎರಡನೆಯ ಸಮುವೇಲ 7ರಲ್ಲಿದೆ.

ಇಲ್ಲಿ ಯಾರಾದರೂ ಸ್ಥಾವರ-ಜಂಗಮ ಅಂತ ಬರೆದೇ ಬರೆಯುತ್ತೀರಿ, ಗೊತ್ತು. ದಯವಿಟ್ಟು ಸುಮ್ನೆ ಅಂಟಿಸಬೇಡಿ. ವಚನಗಳಲ್ಲಿ ಅದು ಒಂದರ ಎದುರು ಇನ್ನೊಂದನ್ನು ನಿಲ್ಲಿಸುವ ಮಾತು. ಬೈಬಲಿನಲ್ಲಿ ಗುಡಾರವನ್ನು ತುಂಬಿದ ಅದೇ ಮೋಡ ಸೊಲೊಮೋನನ ದೇವಾಲಯವನ್ನೂ ತುಂಬುತ್ತದೆ. ಕಲ್ಲಿನ ಮನೆ ಕೆಟ್ಟದ್ದು ಅಂತ ಅಲ್ಲಿ ಯಾರೂ ಹೇಳುವುದಿಲ್ಲ.

ಆದರೂ ಕಲ್ಲು ಉಳಿಯಲಿಲ್ಲ. ಸೊಲೊಮೋನನ ದೇವಾಲಯವನ್ನು ಬಾಬಿಲೋನಿನವರು ಕ್ರಿ.ಪೂ. 6ನೇ ಶತಮಾನದಲ್ಲಿ ಸುಟ್ಟರು. ಎರಡನೆಯದನ್ನು ರೋಮನರು ಕ್ರಿ.ಶ. 70ರಲ್ಲಿ ಕೆಡವಿದರು. ‘ಈ ದೇವಾಲಯ ಕೆಡವಿರಿ, ಮೂರು ದಿನದಲ್ಲಿ ಎಬ್ಬಿಸುತ್ತೇನೆ’ ಎಂದು ಯೇಸು ಹೇಳಿದ್ದು ತನ್ನ ದೇಹವೆಂಬ ದೇವಾಲಯದ ಬಗ್ಗೆ ಎಂದು ಯೋಹಾನನೇ ವಿವರಣೆ ಕೊಡುತ್ತಾನೆ. ಪೌಲನಂತೂ ಕಸುಬಿನಲ್ಲಿ ಗುಡಾರ ಹೊಲಿಯುವವನು. ಅವನು ನಮ್ಮ ಮೈಯನ್ನೇ ಗುಡಾರ ಅನ್ನುತ್ತಾನೆ: ಇದು ಕಿತ್ತುಹೋದರೆ ಪರಲೋಕದಲ್ಲಿ ಕಟ್ಟಿದ ಮನೆ ಇದೆ. ಕೊನೆಗೆ ಬೈಬಲಿನ ಕಡೆಯ ಪುಸ್ತಕವಾದ ಪ್ರಕಟನೆಯ 21ರಲ್ಲಿ ದೇವರ ಸ್ಕೆನೆ ಮನುಷ್ಯರ ಜೊತೆ ಇರುತ್ತದೆ. ಅಲ್ಲಿ ಪರಲೋಕದಿಂದ ಇಳಿದು ಬರುವ ಹೊಸ ಪಟ್ಟಣದ ಉದ್ದ, ಅಗಲ, ಎತ್ತರ ಮೂರೂ ಒಂದೇ. ಅಂದರೆ ಊರಿಗೆ ಊರೇ ಆ 10 ಮೊಳದ ಕೋಣೆಯ ಆಕಾರ. ಆ ಊರಲ್ಲಿ ಬೇರೆ ದೇವಾಲಯವಿಲ್ಲ. ಇಲ್ಲೂ ‘ನಿವಾಸ’ ಅಂತ ಹಾಕಿದರೆ ಮೊದಲಿನಿಂದ ಬಂದ ಎಳೆ ಕನ್ನಡದಲ್ಲಿ ಎರಡು ಕಡೆ ಕಡಿದು ಹೋಗುತ್ತದೆ.

ಬಿಡಾರಕ್ಕೆ ಇರುವ ಆಕ್ಷೇಪಗಳೂ ಗೊತ್ತು. ‘ಬಂದವನು ನಮ್ಮನೆಯಲ್ಲೇ ಬಿಡಾರ ಹೂಡಿಬಿಟ್ಟ’ ಅಂದರೆ ಅದು ದೂರು. ಕರಾವಳಿಯಲ್ಲಿ ಬಿಡಾರ ಅಂದರೆ ಒಕ್ಕಲಿನವರ, ಬಾಡಿಗೆಯವರ ಮನೆ. ನನಗೆ ಈ ಎರಡನೆಯ ಅರ್ಥ ತೊಡಕು ಅನಿಸುವುದಿಲ್ಲ. ಮೊದಲನೆಯದು ಮಾತ್ರ ಸ್ವಲ್ಪ ಕಾಡುತ್ತದೆ. ‘ಪಾಳೆಯ’ ಹಾಕೋಣ ಅಂದರೆ ಅದು ಆಗಲೇ ಬೇರೆ ಕೆಲಸದಲ್ಲಿದೆ. ಗುಡಾರದ ಸುತ್ತ, ದಿಕ್ಕಿಗೆ ಮೂರು ಕುಲದಂತೆ ಇಳಿದ ಇಡೀ ಜನರ ದಂಡಿಗೆ ಕನ್ನಡ ಬೈಬಲ್ ಪಾಳೆಯ ಎನ್ನುತ್ತದೆ.

ಎರಡನೆಯ ವಿಷಯ ‘ಸಂಕೇತ’. ಹಸ್ತಪ್ರತಿಯ ತುಂಬ ‘ಗುಡಾರವು ಕ್ರಿಸ್ತನ ಸಂಕೇತ’, ‘ತೆರೆಯು ಕ್ರಿಸ್ತನ ಶರೀರದ ಸಂಕೇತ’ ಅಂತ ಇದೆ. ನಾನು ಹೊಡೆದು ಹಾಕುತ್ತಿದ್ದೇನೆ. ಸಂಕೇತ ನಾವು ನಾವೇ ಮಾತಾಡಿಕೊಂಡು ಇಟ್ಟ ಗುರುತು. ನಾಳೆ ಬೇರೆ ಇಡಬಹುದು. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರ ಗುಡಾರಕ್ಕೆ ಬಳಸುವ ಗ್ರೀಕ್ ಪದ ‘ಸ್ಕಿಯಾ’, ನೆರಳು. ನೆರಳು ಒಂದು ಮೈಯಿಂದಲೇ ಬೀಳಬೇಕು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ನೆರಳಿಗೆ ಎದುರಾಗಿ ‘ಮೈ’ ಎಂಬ ಪದವನ್ನೇ ಇಟ್ಟಿದೆ, ಆ ಮೈ ಕ್ರಿಸ್ತನದು. ಕ್ರೈಸ್ತರ ಓದಿನಲ್ಲಿ ಇರುವ ವಿಚಿತ್ರ ಏನೆಂದರೆ ಮೈ ಬರುವ ಮೊದಲೇ ನೆರಳು ಬಿತ್ತು. ಜೊತೆಗೆ ಇನ್ನೊಂದು ದಿಕ್ಕೂ ಇದೆ. ಬೆಟ್ಟದ ಮೇಲೆ ತೋರಿಸಿದ ಮಾದರಿಯಂತೆಯೇ ಮಾಡು ಎಂದು ಇಸ್ರಾಯೇಲರ ನಾಯಕ ಮೋಶೆಗೆ ಅಪ್ಪಣೆಯಾಗಿತ್ತು. ಅಂದರೆ ಗುಡಾರ ಮೇಲಿರುವುದರ ನಕಲೂ ಹೌದು. ಸಂಕೇತ ಎಂಬ ಒಂದು ಪದ ಇದೆಲ್ಲವನ್ನೂ ಹೊರಲಾರದು.

ಹಾಗಾದರೆ ‘ನೆರಳು’ ಅಂತಲೇ ಬರೆಯಬಹುದಲ್ಲ? ಕಷ್ಟ ಇದೆ. ಕನ್ನಡದಲ್ಲಿ ನೆರಳು ಆಸರೆ. ‘ದೊಡ್ಡವರ ನೆರಳಲ್ಲಿ ಬೆಳೆದ’ ಅಂದರೆ ಒಳ್ಳೆಯ ಮಾತು. 91ನೇ ಕೀರ್ತನೆಯಲ್ಲೂ ಸರ್ವಶಕ್ತನ ನೆರಳು ಅಂಥ ಆಸರೆಯೇ. ಇಬ್ರಿಯರಿಗೆ ಬರೆದವನು ಹೇಳುವುದು ‘ಇದು ಬರೀ ನೆರಳು, ನಿಜವಾದದ್ದು ಆಮೇಲೆ’ ಅಂತ. ಈ ಅರ್ಥಕ್ಕೆ ಕನ್ನಡ ಬೈಬಲಿನ ‘ಛಾಯೆ’ಯೇ ಸರಿ ಅನ್ನುವುದು ನನ್ನ ತೀರ್ಮಾನ. ಯೆಹೂದ್ಯರು ಈ ಓದನ್ನು ಒಪ್ಪುವುದಿಲ್ಲ ಅನ್ನೋದನ್ನೂ ಪುಸ್ತಕದಲ್ಲಿ ಹೇಳಬೇಕು. ಅವರಿಗೆ ಮಿಷ್ಕಾನ್ ಕ್ರಿಸ್ತನ ಛಾಯೆ ಅಲ್ಲ.

ಈ ಓದು ಒಮ್ಮೊಮ್ಮೆ ಜಾಸ್ತಿಯೇ ಆಗುತ್ತದೆ. ಜಾಲಿಮರ ಮಾನವತ್ವ, ಚಿನ್ನ ದೈವತ್ವ, ನೀಲಿ ಪರಲೋಕ, ಕೊನೆಗೆ ಗೂಟಕ್ಕೂ ಒಂದು ಅರ್ಥ. ಹೊಸ ಚಾಳಿಯೇನಲ್ಲ. 8ನೇ ಶತಮಾನದ ಇಂಗ್ಲೆಂಡಿನ ಸನ್ಯಾಸಿ ಬೀಡ್ ಇದರ ಮೇಲೇ ಒಂದು ಗ್ರಂಥ ಬರೆದ. (ಅವನಿಗೂ ನಮ್ಮ ಬೀಡಿಗೂ ಸಂಬಂಧವಿಲ್ಲ!) ಇಬ್ರಿಯರಿಗೆ ಬರೆದವನು ಮಾತ್ರ ಸಾಮಾನುಗಳ ಪಟ್ಟಿ ಕೊಟ್ಟು, ಒಂದೊಂದನ್ನೂ ಈಗ ಬಿಡಿಸಿ ಹೇಳಲಾಗದು ಅಂತ ಮುಂದೆ ಹೋಗುತ್ತಾನೆ.

ಮೂರನೆಯದು ‘ಕೃಪಾಸನ’. ಮಂಜೂಷದ ಚಿನ್ನದ ಮುಚ್ಚಳಕ್ಕೆ ಹೀಬ್ರೂ ಹೆಸರು ‘ಕಪ್ಪೋರೆತ್’. ಪಾಪ ನಿವಾರಿಸು ಎಂಬ ಕ್ರಿಯಾಪದದ ಬಳಗ ಅದು. ಅದರಲ್ಲಿ ಕೃಪೆಯೂ ಇಲ್ಲ, ಆಸನವೂ ಇಲ್ಲ. ಆಸನ ತಂದವನು 16ನೇ ಶತಮಾನದ ಜರ್ಮನ್ ಅನುವಾದಕ ಲೂಥರ್. ಇಂಗ್ಲಿಷಿನಲ್ಲಿ ಟಿಂಡೇಲ್ ಅದೇ ಜಾಡು ಹಿಡಿದ. ನಮ್ಮ ಕೃಪಾಸನವೂ ಅದೇ ಜಾಡಿನದು. ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ಆದರೆ ಇಬ್ರಿಯ 4:16ರಲ್ಲಿ ‘ಧೈರ್ಯದಿಂದ ಕೃಪಾಸನದ ಮುಂದೆ ಬರೋಣ’ ಅಂತಲೂ ಇದೆ. ಅಲ್ಲಿ ಗ್ರೀಕಿನಲ್ಲಿರುವುದು ಬೇರೆ, ‘ಕೃಪೆಯ ಸಿಂಹಾಸನ’. ಕನ್ನಡದಲ್ಲಿ ಎರಡೂ ಒಂದಾಗಿವೆ. ವರ್ಷಕ್ಕೊಮ್ಮೆ ಒಬ್ಬನೇ, ರಕ್ತ ಹಿಡಿದು, ಧೂಪದ ಹೊಗೆಯ ಮರೆಯಲ್ಲಿ ಹೋಗುತ್ತಿದ್ದ ಆ ಮುಚ್ಚಳದ ಮುಂದೆ ಈಗ ಎಲ್ಲರೂ ಧೈರ್ಯದಿಂದ ಬನ್ನಿ ಎಂದಂತೆ ಕನ್ನಡ ಓದುಗನಿಗೆ ಕೇಳಿಸುತ್ತದೆ. ಮೂಲದಲ್ಲಿ ಪದ ಬೇರೆಯಾದರೂ ಪತ್ರದ ವಾದ ಅದೇ. ಇದನ್ನು ನಾನು ಮುಟ್ಟುವುದಿಲ್ಲ.

ಗುಡಾರದೊಳಗಿನ ದೀಪಕ್ಕೆ ಇಟ್ಟ ‘ದೀಪಸ್ತಂಭ’ ಮಾತ್ರ ಬದಲಾಗಲೇಬೇಕು. ಚಿನ್ನದ ಒಂದೇ ಗಟ್ಟಿಯಿಂದ ಬಡಿದು ಮಾಡಿದ, ಆರು ಕೊಂಬೆಯ, ಬಾದಾಮಿ ಹೂವಿನ ಆಕಾರದ ಬಟ್ಟಲುಗಳಿರುವ, ಏಳು ದೀಪದ ಕಂಬ ಅದು. ಉಡುಪಿ ಕಡೆಯ ಮಕ್ಕಳಿಗೆ ದೀಪಸ್ತಂಭ ಅಂದರೆ ಕಾಪುವಿನದು, ಹಡಗಿಗೆ ದಾರಿ ತೋರುವುದು. ಮಿಕ್ಕವರಿಗೆ ಗುಡಿಯ ಮುಂದಿನ ಕಲ್ಲುಕಂಬ. ‘ಕವಲುದೀಪ’ ಅಂತ ಹಾಕಿದ್ದೇನೆ, ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಕೇಳಬೇಕಾದ್ದು ಇಷ್ಟು. ‘ಬಿಡಾರ ಹೂಡಿದನು’ ನಿಮ್ಮ ಕಡೆ ಕೇಳಲು ಹಗುರವೇ? ಹಗುರವಾದರೆ ‘ಬೀಡುಬಿಟ್ಟನು’ ನಡೆಯುತ್ತದೆಯೇ, ಅಥವಾ ಅದು ದಂಡಿನ ಮಾತಾಗುತ್ತದೆಯೇ? ಕಥೋಲಿಕ ಗೆಳೆಯರಿಗೆ ಇನ್ನೊಂದು ಪ್ರಶ್ನೆ: ಪರಮಪ್ರಸಾದ ಇಡುವ ಪುಟ್ಟ ಪೆಟ್ಟಿಗೆಗೂ ಇಂಗ್ಲಿಷಿನಲ್ಲಿ ‘ಟ್ಯಾಬರ್ನಾಕಲ್’ ಎಂಬ ಈ ಗುಡಾರದ ಹೆಸರೇ ಇದೆಯಲ್ಲ, ನಿಮ್ಮ ಚರ್ಚಿನಲ್ಲಿ ಹಿರಿಯರು ಕನ್ನಡದಲ್ಲಿ ಅದನ್ನು ಏನಂತ ಕರೆಯುತ್ತಾರೆ? ಪುಸ್ತಕದ ಪದವಲ್ಲ, ಬಾಯಲ್ಲಿ ಬಳಸುವ ಪದ ಬೇಕು.