‘ಮಾನವ ಕಳ್ಳಸಾಗಣೆ’: ತರಬೇತಿಯ ಕೈಪಿಡಿಗೆ ಒಪ್ಪುವ ಪದವೇ?

ಮಾನ್ಯರೇ,

ಬೆಂಗಳೂರಿನ ಬಸ್ ನಿರ್ವಾಹಕರು, ಆಶಾ ಕಾರ್ಯಕರ್ತೆಯರು ಮತ್ತು ಲಾಡ್ಜ್‌ಗಳ ಸಿಬ್ಬಂದಿಗಾಗಿ ಸಿದ್ಧವಾಗುತ್ತಿರುವ ತರಬೇತಿ ಕೈಪಿಡಿಯೊಂದರ ಕನ್ನಡವನ್ನು ತಿದ್ದುತ್ತಿದ್ದೇನೆ. ‘ಹ್ಯೂಮನ್ ಟ್ರಾಫಿಕಿಂಗ್’ ಎಂಬುದಕ್ಕೆ ಪತ್ರಿಕೆಗಳಲ್ಲಿ ರೂಢಿಯಲ್ಲಿರುವ ‘ಮಾನವ ಕಳ್ಳಸಾಗಣೆ’ಯನ್ನೇ ಅದರಲ್ಲಿ ಉದ್ದಕ್ಕೂ ಬಳಸಲಾಗಿದೆ (‘ಸಾಗಾಣಿಕೆ’ ಎಂದು ಬರೆಯುವವರೂ ಇದ್ದಾರೆ, ಆ ಚರ್ಚೆ ಬೇರೆ). ಅಪರಾಧವನ್ನು ಗುರುತಿಸಬೇಕಾದವರನ್ನು ಈ ಪದವೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಆಕ್ಷೇಪ.

ಚಿನ್ನಕ್ಕೂ ಗಂಧದ ಮರಕ್ಕೂ ಅಂಟಿಕೊಂಡಿರುವ ‘ಕಳ್ಳಸಾಗಣೆ’ ಎಂದೊಡನೆ ಬಚ್ಚಿಟ್ಟು ಸಾಗಿಸುವುದೇ ಕಣ್ಣಮುಂದೆ ಬರುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿಯುವ ಹುಡುಗಿಯಾದರೋ ಮನೆಗೆಲಸ ಕೊಡಿಸುತ್ತೇನೆಂದ ಪರಿಚಿತರೊಡನೆ, ಟಿಕೆಟ್ ಪಡೆದು, ನಗುನಗುತ್ತಲೇ ಬಂದಿರಬಹುದು. ಅವಳ ಆಧಾರ್ ಕಾರ್ಡು, ಫೋನು ಯಾರ ಕೈಯಲ್ಲಿವೆ, ‘ಯಾವೂರಮ್ಮಾ?’ ಎಂದು ಕೇಳಿದರೆ ಉತ್ತರಿಸುವವರು ಅವಳೋ ಪಕ್ಕದವರೋ ಎಂಬುದನ್ನು ನಿರ್ವಾಹಕರು ಗಮನಿಸಿ, ಅನುಮಾನ ಬಂದರೆ ತಾವೇ ಜಗಳಕ್ಕಿಳಿಯದೆ 112ಕ್ಕೆ, ಮಕ್ಕಳಾದರೆ 1098ಕ್ಕೆ ಕರೆ ಮಾಡಬೇಕು.

‘ಸಾಗಣೆ’ಯೂ ಅರೆಬರೆಯೇ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನ ಪ್ರಕಾರ, ಶೋಷಣೆಯ ಉದ್ದೇಶದಿಂದ ಬೆದರಿಕೆ, ವಂಚನೆ, ಆಮಿಷದಂತಹ ಮಾರ್ಗಗಳಲ್ಲಿ ಒಬ್ಬರನ್ನು ನೇಮಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ವರ್ಗಾಯಿಸುವುದು, ಪಡೆದುಕೊಳ್ಳುವುದು ಇವುಗಳಲ್ಲಿ ಯಾವುದೊಂದು ನಡೆದರೂ ಅಪರಾಧವೇ. ಸಂತ್ರಸ್ತರ ಒಪ್ಪಿಗೆ ಅಲ್ಲಿ ಗಣನೆಗೆ ಬಾರದು. ಹೀಗಿರುವಾಗ, ಮುಂಗಡ ಕೊಟ್ಟು ಕರೆತಂದ ಕೂಲಿಯವರನ್ನು ಇಟ್ಟಿಗೆ ಗೂಡಿನಿಂದ ಸಂತೆಗೂ ಬಿಡದ ಮಾಲೀಕನನ್ನು ಆಶಾ ಕಾರ್ಯಕರ್ತೆ ‘ಸಾಗಣೆ’ಯ ಆರೋಪಿಯೆಂದು ಊಹಿಸಿಯಾಳೇ? ವಿಶ್ವಸಂಸ್ಥೆಯೂ 2000ದಲ್ಲಿ ಶೋಷಣೆಯ ಈ ಅಪರಾಧಕ್ಕೊಂದು, ವಲಸಿಗರನ್ನು ಅಕ್ರಮವಾಗಿ ಗಡಿ ದಾಟಿಸುವುದಕ್ಕೆ ಇನ್ನೊಂದು ಎಂದು ಪ್ರತ್ಯೇಕ ಒಡಂಬಡಿಕೆಗಳನ್ನು ಅಂಗೀಕರಿಸಿತು. ನಾವು ಎರಡಕ್ಕೂ ಒಂದೇ ಹೆಸರಿಟ್ಟುಕೊಂಡು ಕುಳಿತಿದ್ದೇವೆ.

‘ಮಾನವ ಮಾರಾಟ’ ಎನ್ನೋಣವೆಂದರೆ ಎಲ್ಲ ಪ್ರಕರಣಗಳಲ್ಲೂ ಹಣದ ಕೈಬದಲು ಇರುವುದಿಲ್ಲ. ‘ಜೀತ’ ಎಲ್ಲರಿಗೂ ತಿಳಿಯುವ ಪದವಾದರೂ, 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಅರ್ಥದಲ್ಲಿ ಗಟ್ಟಿಯಾಗಿರುವುದರಿಂದ ಲೈಂಗಿಕ ಶೋಷಣೆಯನ್ನು ಒಳಗೊಳ್ಳದು. ಕಾನೂನಿನ ಪುಟಗಳಲ್ಲಿ ರೂಢಿಯ ಪದವನ್ನೇ ಉಳಿಸಿಕೊಂಡು, ಪಾಠದ ಭಾಗದಲ್ಲಿ ‘ನಂಬಿಸಿ ಶೋಷಿಸುವ ಜಾಲ’ ಎಂದು ಬಿಡಿಸಿ ಬರೆಯುವುದು ಮೇಲೆಂದು ಸದ್ಯಕ್ಕೆ ನನಗೆ ತೋರುತ್ತದೆ. ತುಸು ಉದ್ದವಾಯಿತೆಂಬುದು ನಿಜ.

ಇದಕ್ಕಿಂತ ಅಡಕವಾದ ಪದ ಬಲ್ಲವರು, ವಿಶೇಷವಾಗಿ ರಾಯಚೂರು, ಯಾದಗಿರಿ ಕಡೆಯಿಂದ ಇಲ್ಲಿಗೆ ಗುಳೆ ಬರುವವರ ಆಡುಮಾತನ್ನು ಅರಿತವರು, ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.