ಅಪ್‌ಡೇಟ್: ಬಾನೆಟ್ ಮ್ಯಾಲಿನ ಬೋರ್ ನೀರಿನ ಕಲೆ ಹೋದ್ವು

ಕರಿ ಕಾರಿನ ಬಾನೆಟ್ ತುಂಬಾ ಬೋರ್ ನೀರಿನ ಬಿಳಿ ಕಲೆ ಕೂತಾವು, ಹುಬ್ಬಳ್ಳಿ ಬಿಸಲಾಗ ಇನ್ನೂ ಎದ್ದು ಕಾಣ್ತಾವು ಏನ್ ಮಾಡ್ಲಿ ಅಂತ ಮೊದ್ಲ ಇಲ್ಲಿ ಕೇಳಿದ್ನಲ್ಲ, ಈಗ ಹೋಗ್ಯಾವ್ರೀ. ಕೆಲಸ ಮಾಡಿದ್ದು ವಿನೆಗರ್. ಅರ್ಧಕ್ಕರ್ಧ ನೀರು ಬೆರೆಸಿ, ನೆರಳಾಗ ಬಟ್ಟಿ ತೋಯ್ಸಿ ಒಂದ್ ನಿಮಿಷ ಇಟ್ಟು ತೊಳದೆ, ಸುಣ್ಣದ ಪದರ ಕರಗಿತು. ಈ ಉಪಾಯ ಹೇಳಿದ ಅಣ್ಣಾರಿಗೆ ಭಾಳ ಥ್ಯಾಂಕ್ಸ್. ಟೂತ್‌ಪೇಸ್ಟ್ ಬ್ಯಾಡ್ರಿ, ಮೂಲ್ಯಾಗ ಹಚ್ಚಿ ನೋಡಿದ್ರ ಕಲೆ ಹಂಗ ಉಳಿದು ಸಣ್ಣ ಗೀರು ಬಿದ್ವು.

ಗೊತ್ತಿರದ ಸಂಗತಿ ಒಂದ್ ಸಿಕ್ತು. ತೊಳದ ಪೇಂಟ್ ಮ್ಯಾಲೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ಸವರಿದ್ರ ಉಸುಕು ತಾಗಿದಂಗ ಆತು! ಶಾಂಪೂ ನೀರು ಹೊಡದು ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳಿ ಎಳಕೊಳ್ಳೋ ಮೆತ್ತನ ಜೇಡಿಯಂಥ ಮುದ್ದಿ) ಆಡಿಸಿದ ಮ್ಯಾಲೆ ನುಣುಪಾತು, ಕ್ಲೇ ಪೂರಾ ಕಂದು. ಅದು ನೆಲಕ್ಕ ಬಿದ್ರ ಬಿಸಾಕಿಬಿಡ್ರಿ, ಹರಳು ಹತ್ತಿರ್ತಾವು. ಆಮ್ಯಾಲೆ ಪಾಲಿಶ್, ಅದರ ಮ್ಯಾಲೆ ವ್ಯಾಕ್ಸ್. ಪಾಲಿಶ್ ಮಾತ್ರ ಪದೇ ಪದೇ ಬ್ಯಾಡ, ಕ್ಲಿಯರ್ ಕೋಟ್ (ಬಣ್ಣದ ಮ್ಯಾಲಿನ ಪಾರದರ್ಶಕ ಪದರ) ಸವಿತೈತಿ.