ಗ್ಲೌಸ್ ಬಿಚ್ಚಿಟ್ಟ ಮೇಲೆ ಕೋಚ್ ಆಗೋದು ಹೇಗೆ? ಕೀಪರ್‌ಗಳೇ, ನಿಮ್ಮ ಅನುಭವ ಹೇಳಿ

ಪ್ರಶ್ನೆ: ನನಗೆ ಈಗ 34. ಹದಿಮೂರು ವರ್ಷದಿಂದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್. ಭುಜಕ್ಕೆ ಎರಡನೇ ಸಲ ಆಪರೇಷನ್ ಆಗಿದೆ. ಇನ್ನೊಂದು ಸೀಸನ್ ಆಡಲಾ, ಈಗಲೇ ಕೋಚಿಂಗ್‌ಗೆ ಇಳಿಯಲಾ? ಕೀಪರ್‌ಗಳಿಗೆ ಮಾತ್ರ ಕಲಿಸಲಾ, ಇಡೀ ತಂಡದ ಕೋಚ್ ಆಗಲು ನೋಡಲಾ?

ಈಗ ಕೀಪರ್ ಕೋಚ್ ಆಗಿರುವವರು: ಇನ್ನೊಂದು ಸೀಸನ್ ಆಡಿ, ಆದರೆ ಕೋಚಿಂಗ್ ಕೂಡ ಈಗಲೇ ಶುರು ಮಾಡಿ. ನಾನು ಆಟ ಪೂರ್ತಿ ನಿಲ್ಲಿಸಿದ ಮೇಲೆ ಕೋರ್ಸ್ ಸೇರಿದೆ. ಎರಡು ವರ್ಷ ಸುಮ್ನೆ ಹೋಯಿತು. ವಾರಕ್ಕೆರಡು ಸಂಜೆ ಚಿಕ್ಕ ಹುಡುಗರ ಜೊತೆ ನಿಂತರೂ ಸಾಕು.

ನನ್ನ ಮೊದಲ ದಿನದ ಕತೆ ಹೇಳ್ತೀನಿ. 14 ವರ್ಷದ ಒಬ್ಬ ಹುಡುಗ. ಎಡಗಡೆ ನೆಲಕ್ಕಂಟಿ ಬರುವ ಚೆಂಡು ಪ್ರತಿ ಸಲ ಕೈ ತಪ್ಪುತ್ತಿತ್ತು. "ಬೇಗ ಬೀಳು, ಬೇಗ ಬೀಳು" ಅಂತ ಕೂಗಿದೆ. ನಾನೇ ಡೈವ್ ಮಾಡಿ ತೋರಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಬಲೆಯ ಹಿಂದೆ ಕೂತು ಅವನ ಪಾದ ಮಾತ್ರ ನೋಡಿದೆ. ಎದುರಿನವನು ಒದೆಯುವ ಹೊತ್ತಿಗೆ ಇವನು ಸಣ್ಣದಾಗಿ ಜಿಗಿಯುತ್ತಿದ್ದ. ಎರಡೂ ಪಾದ ನೆಲ ಬಿಟ್ಟಿರುತ್ತಿದ್ದವು. ಒದೆಯುವ ಮೊದಲೇ ಕಾಲೂರಿ ನಿಲ್ಲು ಅಂದೆ, ಅಷ್ಟೇ. ನಾಲ್ಕನೇ ಚೆಂಡು ಹಿಡಿದ! ನಾನು ಅಷ್ಟು ವರ್ಷ ಅದನ್ನೇ ಮಾಡಿದ್ದೆ, ಆದರೆ ಮಾಡುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಿಕೊಡೋದು ಹೇಗೆ, ಅಲ್ವಾ? ಹಾಗಾಗಿ ಈಗಿನಿಂದಲೇ ಪ್ರಾಕ್ಟೀಸ್ ಮುಗಿದ ಮೇಲೆ ನೀವು ಏನು ಮಾಡಿದಿರಿ, ಯಾಕೆ ಮಾಡಿದಿರಿ ಅಂತ ಬರೆದಿಡಿ.

ಒದೆಯೋದನ್ನೂ ಚೆನ್ನಾಗಿ ಕಲಿಯಿರಿ. ಕೀಪರ್ ಕೋಚ್ ಒಂದೇ ಸೆಷನ್‌ನಲ್ಲಿ ನೂರಾರು ಸಲ ಒದೆಯಬೇಕು, ಅದೂ ಹೇಳಿದ ಜಾಗಕ್ಕೇ. 1992ರಲ್ಲಿ ಬ್ಯಾಕ್‌ಪಾಸ್ ನಿಯಮ (ತನ್ನ ತಂಡದವರು ಬೇಕಂತಲೇ ಕಾಲಲ್ಲಿ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ ಅನ್ನೋದು) ಬಂದ ಮೇಲೆ ಹುಡುಗರಿಗೆ ಕಾಲಿನ ಆಟ ಕಲಿಸೋದೂ ನಮ್ಮ ಕೆಲಸವೇ.

ಬೆಂಚಿನಲ್ಲೇ ಜಾಸ್ತಿ ಕೂತವರು: ಎರಡನೇ ಕೀಪರ್ ಆಗಿದ್ದ ವರ್ಷಗಳನ್ನು ಕಡೆಗಣಿಸಬೇಡಿ. ಕೋಚ್ ಪಕ್ಕದಲ್ಲೇ ಕೂತು ಪಂದ್ಯ ನೋಡುವ ಅವಕಾಶ ಅದು. 2004ರಲ್ಲಿ ಪೋರ್ಚುಗಲ್‌ನ ಪೋರ್ಟೊ ಕ್ಲಬ್ ಚಾಂಪಿಯನ್ಸ್ ಲೀಗ್ ಗೆದ್ದಾಗ ನೂನೊ ಎಸ್ಪಿರಿಟೊ ಸ್ಯಾಂಟೊ ಆ ತಂಡದ ಎರಡನೇ ಕೀಪರ್. 2018ರಲ್ಲಿ ಇಂಗ್ಲೆಂಡಿನ ವುಲ್ವ್ಸ್ ತಂಡವನ್ನು ಪ್ರೀಮಿಯರ್ ಲೀಗ್‌ಗೆ ಏರಿಸಿದ ಕೋಚ್ ಅವರೇ.

ಈಗ ಮುಖ್ಯ ಕೋಚ್ ಆಗಿರುವವರು: ಆಸೆ ಇದ್ದರೆ ಇಡೀ ತಂಡದ ಕೋಚೇ ಆಗಿ. ಗೋಲ್‌ಕೀಪರ್ ಡಿನೊ ಜೋಫ್ 1982ರಲ್ಲಿ 40ನೇ ವಯಸ್ಸಿನಲ್ಲಿ ಇಟಲಿಯ ನಾಯಕನಾಗಿ ವಿಶ್ವಕಪ್ ಎತ್ತಿದರು, ಮುಂದೆ ಕೋಚ್ ಆಗಿ ಅದೇ ಇಟಲಿಯನ್ನು 2000ದ ಯೂರೋ ಫೈನಲ್‌ವರೆಗೆ ಕರೆದೊಯ್ದರು. ಆದರೆ ಒಂದು ಗಮನಿಸಿ. ಯೂರೋಪಿನಲ್ಲಿ ಕೀಪರ್ ಕೋಚ್ ಲೈಸೆನ್ಸ್ ಬೇರೆ, ಮುಖ್ಯ ಕೋಚ್‌ಗೆ ಬೇಕಾದ ಬಿ, ಎ, ಪ್ರೊ ಲೈಸೆನ್ಸ್ ಬೇರೆ. ನಿಮ್ಮ ಫೆಡರೇಷನ್ ನಿಯಮ ಏನು ಅಂತ ಕೇಳಿಕೊಂಡೇ ದುಡ್ಡು ಕಟ್ಟಿ.

ನನ್ನ ಮೊದಲ ಸೀಸನ್‌ನಲ್ಲಿ ತಂಡ ಗೋಲ್ ಬಿಡುತ್ತಿದ್ದದ್ದೇ ಅಪರೂಪ, ಹೊಡೆಯುತ್ತಿದ್ದದ್ದೂ ಅಷ್ಟೇ ಅಪರೂಪ. ಪ್ರಾಕ್ಟೀಸ್ ಎಲ್ಲಾ ನಮ್ಮ ಗೋಲಿನ ಮುಂದೆಯೇ ನಡೆಯುತ್ತಿತ್ತು. ಮುಂದಿನ ವರ್ಷ ಸ್ಟ್ರೈಕರ್ ಆಗಿದ್ದವರೊಬ್ಬರನ್ನು ಸಹಾಯಕರಾಗಿ ಕರೆದುಕೊಂಡೆ. ಆಮೇಲೇ ಸರಿಹೋಯಿತು.

ಇನ್ನೊಂದು ಸೀಸನ್ ಆಡಿ ಅನ್ನೋ ಮೇಲಿನ ಮಾತನ್ನು ನಾನು ಒಪ್ಪಲ್ಲ. ಎರಡು ಆಪರೇಷನ್ ಆದ ಭುಜ ಅದು. ಕ್ಲಬ್‌ಗೆ ಸಂಬಂಧವಿಲ್ಲದ ಡಾಕ್ಟರ್‌ಗೆ ಮೊದಲು ತೋರಿಸಿ. ನಾಳೆ ಹುಡುಗರಿಗೆ ಚೆಂಡು ಎಸೆಯೋಕೂ ಅದೇ ಕೈ ಬೇಕು.